ರಾಕ್ ಬ್ಯಾಂಡ್ ಬಿಡದೇನೇ ಕಂಟ್ರಿ ಸೋಲೋ ಮಾಡ್ಬೋದಾ? ಕೋಲಾರದಿಂದ ಒಂದು ಪ್ರಶ್ನೆ

ಅಂತರಗಂಗೆ ಹುಡುಗ:
ಎಲ್ರಿಗೂ ನಮಸ್ಕಾರ. ಊರು ಕೋಲಾರ, ಬೆಂಗಳೂರಲ್ಲಿ ಒಂದು ರಾಕ್ ಬ್ಯಾಂಡಲ್ಲಿ ಲೀಡ್ ಗಿಟಾರ್ ನುಡಿಸ್ತೀನಿ, ಬ್ಯಾಂಡ್ ಅಂದ್ರೆ ಪ್ರಾಣ, ಬಿಡೋ ಮಾತೇ ಇಲ್ಲ. ಆದ್ರೆ ಇತ್ತೀಚೆಗೆ ಬರೀತಿರೋ ಹಾಡೆಲ್ಲ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಹಾಡಿನ ಶೈಲಿ) ಥರಾನೇ ಬರ್ತಿವೆ, ಕನ್ನಡದಲ್ಲೇ, ಬತ್ತಿದ ಕೆರೆ, ರೇಟ್ ಬಿದ್ದು ರಸ್ತೇಲಿ ಸುರಿದ ಟೊಮೇಟೊ, ಬೆಳಕು ಹರಿಯೋಕ್ ಮುಂಚೆ ಟ್ರೈನಿಗೆ ಓಡೋ ಜನ, ಇಂಥವು. ಬ್ಯಾಂಡಿಗೆ ಇವು ಸೆಟ್ ಆಗಲ್ಲ. ಇವನ್ನ ನಾನೊಬ್ಬನೇ ಸೋಲೋ ಆಗಿ ತರ್ತೀನಿ ಅಂದ್ರೆ ನಮ್ ಡ್ರಮ್ಮರ್ "ಹಂಗಾದ್ರೆ ಹೊರಟೆ ಅನ್ನು" ಅಂತ ಮುಖ ಸಪ್ಪಗೆ ಮಾಡ್ಕೊಂಡ. ಎರಡನ್ನೂ ಒಟ್ಟಿಗೆ ನಡೆಸಿರೋರು ಇದಾರಾ? ಇನ್ನೊಂದು, ನಾನು ಕಂಟ್ರಿ ನುಡಿಸಿದ್ರೂ ರಾಕ್ ಥರಾನೇ ಕೇಳ್ಸುತ್ತೆ, ಯಾಕೆ?

ಬಂಗಾರಪೇಟೆ ಬೇಸ್:
ಬೇಕಾದಷ್ಟು ಜನ ಇದಾರೆ ಗುರು. ಅಮೆರಿಕದ ರಾಕ್ ಬ್ಯಾಂಡ್ ಹೂಟಿ ಅಂಡ್ ದ ಬ್ಲೋಫಿಶ್‌ನ ಡೇರಿಯಸ್ ರಕರ್ 2008ರಲ್ಲಿ ಕಂಟ್ರಿಗೆ ಬಂದು ನಂಬರ್ ಒನ್ ಆದ್ರು, ಆಮೇಲೆ 2019ರಲ್ಲಿ ಅದೇ ಹಳೇ ಬ್ಯಾಂಡ್ ಜೊತೆ ಟೂರೂ ಮಾಡಿ ಆಲ್ಬಮ್ಮೂ ತಂದ್ರು. ಇನ್ನೊಂದು ರಾಕ್ ಬ್ಯಾಂಡ್ ಸ್ಟೇಂಡ್‌ನ ಆರನ್ ಲೂಯಿಸ್ 2011ರಿಂದ ಕಂಟ್ರಿ ಹಾಡ್ತಿದಾರೆ, ಸ್ಟೇಂಡ್ 2023ರಲ್ಲೂ ಹೊಸ ಆಲ್ಬಮ್ ಬಿಟ್ಟಿದೆ. ನಂಗೆ ಎಲ್ಲಕ್ಕಿಂತ ಇಷ್ಟ ಜೆರ್ರಿ ಗಾರ್ಸಿಯಾ. ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ಬ್ಯಾಂಡಿನ ಗಿಟಾರಿಸ್ಟ್ ಆಗಿದ್ಕೊಂಡೇ 1969ರಲ್ಲಿ ಪೆಡಲ್ ಸ್ಟೀಲ್ (ಪೆಡಲ್ ಒತ್ತಿ ಸ್ವರ ಜಾರಿಸೋ, ಮಲಗಿಸಿ ನುಡಿಸೋ ಗಿಟಾರ್) ಕಲಿತು ನ್ಯೂ ರೈಡರ್ಸ್ ಆಫ್ ದ ಪರ್ಪಲ್ ಸೇಜ್ ಅನ್ನೋ ಕಂಟ್ರಿ ರಾಕ್ ತಂಡದಲ್ಲಿ ನುಡಿಸ್ತಿದ್ರು, ಎಷ್ಟೋ ಸಲ ಅದೇ ಸ್ಟೇಜಲ್ಲಿ ಮೊದಲು ಆ ತಂಡ, ಆಮೇಲೆ ಡೆಡ್, ಎರಡರಲ್ಲೂ ಗಾರ್ಸಿಯಾ! ನಿಮ್ ಡ್ರಮ್ಮರ್‌ಗೆ ಇದನ್ನ ಹೇಳು. ಬರೀ ಹೇಳಿದ್ರೆ ಸಾಲ್ದು, ಬ್ಯಾಂಡ್ ಶೋ ಡೇಟಿಗೇ ಮೊದಲ ಆದ್ಯತೆ, ಬ್ಯಾಂಡಲ್ಲಿ ಹುಟ್ಟಿದ ಟ್ಯೂನ್ ಸೋಲೋಗೆ ತಗೊಳ್ಳಲ್ಲ ಅಂತ ಎದುರು ಕೂತು ಮಾತಾಡಿ ಬರೆದಿಟ್ಕೊಳ್ಳಿ. ಬ್ಯಾಂಡ್‌ಗಳು ಒಡೆಯೋದು ಎರಡು ಕೆಲಸದಿಂದಲ್ಲ, ಹೇಳದೇ ಮಾಡೋದ್ರಿಂದ.

ತಂತಿ ಮೇಷ್ಟ್ರು:
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ ತಮ್ಮಾ. ರಾಕಲ್ಲಿ ಬೆರಳಿಗೆ ಹತ್ತಿರೋದು ಮೈನರ್ ಪೆಂಟಾಟೋನಿಕ್ ಅನ್ನೋ ಐದು ಸ್ವರದ ಸ್ಕೇಲ್, ಅಂದ್ರೆ ನಮ್ ಶುದ್ಧ ಧನ್ಯಾಸಿ ರಾಗದ ಸ್ವರಗಳು. ಕಂಟ್ರೀಲಿ ಮೇಜರ್ ಪೆಂಟಾಟೋನಿಕ್ ಓಡುತ್ತೆ, ಅದು ಮೋಹನ ರಾಗ. ಸ್ವಲ್ಪ ದಿನ ಮೋಹನ ಬಿಟ್ಟು ಬೇರೆ ನುಡಿಸ್ಬೇಡ. ಡಿಸ್ಟಾರ್ಶನ್ (ಸದ್ದನ್ನ ಒರಟು ಮಾಡೋ ಎಫೆಕ್ಟ್) ಪೂರ್ತಿ ಆಫ್, ಕ್ಲೀನ್ ಟೋನ್, ಬೇಕಿದ್ರೆ ಸದ್ದಿನ ಏರಿಳಿತ ಸಮ ಮಾಡೋ ಒಂದು ಕಂಪ್ರೆಸರ್. ಪಿಕ್ ಹೆಬ್ಬೆರಳು ತೋರುಬೆರಳಲ್ಲಿ ಇರ್ಲಿ, ನಡುಬೆರಳು ಉಂಗುರಬೆರಳಲ್ಲಿ ತೆಳು ತಂತಿಗಳನ್ನ ಮೀಟಿ ನುಡಿಸು.

ಆಮೇಲೆ ಇದನ್ನ ಮಾಡಿ ನೋಡು. ತೆಳು ತಂತಿಯಿಂದ ಎಣಿಸಿದ್ರೆ ಮೂರನೇ ತಂತಿ 7ನೇ ಫ್ರೆಟ್, ಎರಡನೇದು ಮತ್ತು ಮೊದಲನೇದು 8ನೇ ಫ್ರೆಟ್. ಮೂರನೇ ತಂತೀನ ಮಾತ್ರ ಒಂದು ಫುಲ್ ಟೋನ್ ನಿಧಾನಕ್ಕೆ ಬೆಂಡ್ ಮಾಡು (ತಂತೀನ ಪಕ್ಕಕ್ಕೆ ತಳ್ಳಿ ಸ್ವರ ಏರಿಸು), ಉಳಿದ ಎರಡು ಅಲ್ಲಾಡಲೇಬಾರದು. ಡಿ ಸ್ವರ ಜಾರಿ ಇ ಆಗ್ತಿದ್ದಂಗೆ ಸಿ ಮೇಜರ್ ಕಾರ್ಡ್ ತುಂಬ್ಕೊಳ್ಳುತ್ತೆ, ಥೇಟ್ ಪೆಡಲ್ ಸ್ಟೀಲ್! ರಾಕಲ್ಲಿ ಬೆಂಡ್ ಆದ್ಮೇಲೆ ವೈಬ್ರಾಟೋ (ಸ್ವರದ ನಡುಕ) ಕೊಡ್ತೀವಲ್ಲ, ಅದು ಇಲ್ಲಿ ಬೇಡ, ನೆಟ್ಟಗೆ ನಿಲ್ಲಿಸು. ಶ್ರುತಿ ಕೂದಲೆಳೆಯಷ್ಟು ತಪ್ಪಿದ್ರೂ ಪಕ್ಕದ ತಂತಿ ಹೇಳ್ಬಿಡುತ್ತೆ.

ಮಾರಿಕುಪ್ಪಂ ಲೋಕಲ್:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಬರೀ ಟೆಕ್ನಿಕ್ ಹಿಡ್ಕೊಂಡ್ರೆ ಆಗಲ್ಲ. ಅಣ್ಣ, ನೀವು ಕಂಟ್ರೀನ ಎಲ್ಲೋ ಹೊರಗಿಂದ ತರ್ತಿಲ್ಲ, ನಮ್ ಜಿಲ್ಲೇಲೇ ಇದೆ. ಕೆಜಿಎಫ್ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್ಮಸ್ ಬಂತು ಅಂದ್ರೆ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಹಾಡು ಇಲ್ದೆ ಆಗ್ತಿರ್ಲಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಎಷ್ಟೋ ಮನೆಯವರು ಊರು ಬಿಟ್ರು, ಉಳಿದೋರು ದಿನಾ ಬೆಂಗಳೂರು ಟ್ರೈನ್ ಹಿಡೀತಾರೆ. ಈ ಊರಿನ ಕಥೆ ಹಾಡೋಕೆ ಕಂಟ್ರಿಗಿಂತ ಒಳ್ಳೇ ದಾರಿ ನಂಗಂತೂ ಕಾಣಲ್ಲ, ಮೂರು ಕಾರ್ಡ್, ನೇರ ಮಾತು, ಒಬ್ಬ ಮನುಷ್ಯನ ಬದುಕು. ಕೆಜಿಎಫ್ ಒಳಗಿರೋ ರಾಬರ್ಟ್‌ಸನ್‌ಪೇಟೇಲಿ ಹಿರಿಯರ ಹತ್ರ ಕೂತು ಕೇಳಿ, ಸೋಲೋಗೆ ಮೊದಲ ಕೇಳುಗರೂ ಅಲ್ಲೇ ಸಿಗ್ತಾರೆ. ದಯವಿಟ್ಟು ಅಮೆರಿಕದ ಉಚ್ಚಾರಣೆ ಮಾತ್ರ ತರ್ಬೇಡಿ, ಕೋಲಾರದ ಕನ್ನಡದಲ್ಲೇ ಹಾಡಿ.

ಅಂತರಗಂಗೆ ಹುಡುಗ:
ಮೇಷ್ಟ್ರೇ, ಆ ಬೆಂಡ್ ಮಾಡ್ದೆ, ಎರಡನೇ ತಂತಿ ಜೊತೆಗೇ ಎಳ್ಕೊಂಡು ಬರ್ತಿದೆ, ನಿಧಾನಕ್ಕೆ ಕೂರಿಸ್ತೀನಿ. ಭಾನುವಾರ ಪ್ರಾಕ್ಟೀಸ್ ಇದೆ, ಡೇಟ್ ಮತ್ತೆ ಟ್ಯೂನ್ ವಿಷಯ ಎಲ್ರ ಮುಂದೇನೇ ಮಾತಾಡ್ತೀನಿ, ಡ್ರಮ್ಮರ್‌ನೇ ಸೋಲೋದಲ್ಲಿ ಕಡ್ಡಿ ಬದಲು ಮೆತ್ತಗೆ ಸದ್ದು ಮಾಡೋ ಬ್ರಶ್ ಹಿಡ್ಕೊಂಡು ನುಡಿಸ್ತೀಯಾ ಅಂತ ಕೇಳೋ ಯೋಚನೆ ಇದೆ. ಕೆಜಿಎಫ್ ಅಣ್ಣ, ಈ ತಿಂಗಳೇ ಬರ್ತೀನಿ. ಕೋಲಾರ, ಬಂಗಾರಪೇಟೆ ಕಡೆ ಯಾರ ಹತ್ರಾದ್ರೂ ಲ್ಯಾಪ್ ಸ್ಟೀಲ್ (ತೊಡೆ ಮೇಲಿಟ್ಟು ನುಡಿಸೋ ಗಿಟಾರ್) ಇದ್ರೆ ಮೆಸೇಜ್ ಮಾಡಿ, ಬಾಡಿಗೆಗೆ ಆದ್ರೂ ಸರಿ.