ಪದಚರ್ಚೆ: ಗಿಂಪ್‌ನ ‘ಕಸ್ಟಮೈಸ್’ಗೆ ‘ಒಗ್ಗಿಸಿಕೊಳ್ಳು’ ಸರಿಹೋಗುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಇನ್ನೊಂದು ಪದ ಇನ್ನೂ ಸಿಕ್ಕೇ ಇಲ್ಲ, ಅದನ್ನೂ ಕೇಳುತ್ತೇನೆ.

ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಜನರಿಗೆ ಗಿಂಪ್ ಹೇಳಿಕೊಡುತ್ತೇನೆ. ಫೋಟೋ ತಿದ್ದಲು, ಕಾರ್ಡು, ಪೋಸ್ಟರು ಮಾಡಲು ಬಳಸುವ ಉಚಿತ ತಂತ್ರಾಂಶ ಅದು. ಬರುವವರಲ್ಲಿ ಜಾಸ್ತಿ ಜನ ಸ್ಟುಡಿಯೋಗಳಲ್ಲಿ, ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಕೆಲಸ ಮಾಡುವವರು. ಅವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ತೊಂದರೆ ಆದಾಗ ಸಹಾಯ ಎಲ್ಲಿ ಸಿಗುತ್ತದೆ ಅನ್ನುವ ಪಾಠ ಸಲೀಸಾಗಿ ಮುಗಿಯಿತು. ಮುಂದಿನ ಪಾಠ ‘ಕಸ್ಟಮೈಸ್’ ಮಾಡುವುದರ ಬಗ್ಗೆ, ಅಂದರೆ ತಂತ್ರಾಂಶವನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುವುದರ ಬಗ್ಗೆ. ಅದರ ತಲೆಬರಹಕ್ಕೇ ಪದ ಸಿಗದೆ ನಿಂತಿದೆ.

ಬೇರೆ ಬೇರೆ ತಂತ್ರಾಂಶಗಳಲ್ಲಿ ‘ಗ್ರಾಹಕೀಯಗೊಳಿಸು’ ಎಂದು ನೋಡಿದ್ದೇನೆ. ಇದು ನನಗೆ ಒಪ್ಪಿಗೆ ಇಲ್ಲ. ಗಿಂಪ್‌ನಲ್ಲಿ ಗ್ರಾಹಕ ಯಾರು? ಅಮೆರಿಕದ ಬರ್ಕ್ಲಿಯಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ್ದು ಇದು. ಇಂದಿಗೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು, ಬೇಕಾದರೆ ಒಳಗಿನ ಕೋಡನ್ನೇ ತಿದ್ದಬಹುದು. ಕೊಳ್ಳುವವರೇ ಇಲ್ಲದ ಕಡೆ ಗ್ರಾಹಕನ ಹೆಸರು ಯಾಕೆ? ‘ಹೊಂದಿಸು’ ಒಳ್ಳೆಯ ಪದವೇ, ಆದರೆ ಅದನ್ನು ಆಗಲೇ ‘ಅಡ್ಜಸ್ಟ್’ಗೂ ‘ಸೆಟ್’ಗೂ ಬಳಸಿ ಆಗಿದೆ. ಬಣ್ಣ ಹೊಂದಿಸು, ಬೆಳಕು ಹೊಂದಿಸು, ಈಗ ಗಿಂಪನ್ನೂ ಹೊಂದಿಸು ಅಂದರೆ ಕಲಿಯುವವರಿಗೆ ಗೊಂದಲ. ‘ಪಳಗಿಸು’ ಸ್ವಲ್ಪ ದಿನ ತಲೆಯಲ್ಲಿತ್ತು. ಸಕ್ರೆಬೈಲಿನ ಆನೆ ಬಿಡಾರ ನಮಗೆ ಹತ್ತಿರ. ಇಲ್ಲಿ ಪಳಗಿಸುವುದು ಅಂದರೆ ಮೊದಲು ಕಣ್ಣಮುಂದೆ ಬರುವುದೇ ಆನೆ. ಮಾತು ಕೇಳದ ಪ್ರಾಣಿಯನ್ನು ಬಗ್ಗಿಸುವ ಅರ್ಥ ಅದರೊಳಗೆ ಇದ್ದೇ ಇದೆ. ಅದು ಇಲ್ಲಿಗೆ ಬೇಡ.

‘ಒಗ್ಗು’ ನನಗೆ ಹೊಳೆದದ್ದಲ್ಲ, ಕಲಿಯಲು ಬಂದವರ ಬಾಯಲ್ಲಿ ಕೇಳಿದ್ದು. ಲಗ್ನಪತ್ರಿಕೆ ವಿನ್ಯಾಸ ಮಾಡುವ ಒಬ್ಬರು ಬರುತ್ತಾರೆ. ಎಡಗೈಯವರು. ಮೌಸ್ ಎಡಗೈಯಲ್ಲಿ, ಕೀಬೋರ್ಡ್ ಮೇಲೆ ಬಲಗೈ. ಗಿಂಪ್‌ನಲ್ಲಿ ಕ್ರಾಪ್ ಮಾಡಲು, ಅಂದರೆ ಫೋಟೋದಲ್ಲಿ ಬೇಕಾದಷ್ಟು ಉಳಿಸಿ ಸುತ್ತಲಿನದನ್ನು ತೆಗೆಯಲು, ಶಿಫ್ಟ್ ಮತ್ತು ಸಿ ಒತ್ತಬೇಕು. ಸಿ ಇರುವುದು ಎಡಗಡೆ. ಪ್ರತಿಸಲ ಬಲಗೈ ಕೀಬೋರ್ಡಿನ ಆ ತುದಿಗೆ ಹೋಗಿ ಬರಬೇಕು. ಅವರು ಒಂದು ಮಾತೂ ಆಡದೆ ಹಾಗೇ ಮಾಡಿಕೊಂಡು ಹೋಗುತ್ತಿದ್ದರು. ಮೂರನೇ ವಾರ ನನ್ನ ಕಣ್ಣಿಗೆ ಬಿತ್ತು. ಎಡಿಟ್ ಮೆನುವಿನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ತೆಗೆದು, ಅವರಿಗೆ ಜಾಸ್ತಿ ಬೇಕಾದ ಐದಾರು ಸಾಧನಗಳಿಗೆ (ಟೂಲ್‌ಗಳಿಗೆ) ಬಲಗೈ ಬೆರಳಿಗೆ ಎಟುಕುವ ಕೀಗಳನ್ನು ಕೊಟ್ಟೆವು. ಪ್ರಿಫರೆನ್ಸಸ್ ಎಂಬ ಸೆಟ್ಟಿಂಗುಗಳ ಜಾಗಕ್ಕೆ ಹೋಗಿ ಐಕಾನುಗಳನ್ನು ದೊಡ್ಡದು ಮಾಡಿದೆವು. 2020ರಲ್ಲಿ ಬಂದ 2.10.18 ಆವೃತ್ತಿಯಿಂದ ಗಿಂಪ್ ಸಾಧನಗಳನ್ನು ಗುಂಪು ಗುಂಪಾಗಿ ಒಂದರ ಹಿಂದೆ ಒಂದು ಬಚ್ಚಿಡುತ್ತದೆ. ಅದನ್ನೂ ಬಿಡಿಸಿ ಎಲ್ಲವೂ ಎದುರಿಗೆ ಕಾಣುವ ಹಾಗೆ ಮಾಡಿದೆವು. ಒಂದು ಫೋಟೋ ಕ್ರಾಪ್ ಮಾಡಿ ನೋಡಿದವರು, “ಈಗ ನನ್ನ ಕೈಗೆ ಒಗ್ಗಿತು ನೋಡಿ ಸರ್” ಅಂದರು.

ಆ ಮಾತು ಕೇಳಿದ ಮೇಲೆ ಬೇರೆ ಪದ ಯಾಕೆ ಹುಡುಕಬೇಕು ಅನ್ನಿಸಿತು. ಹೊಸ ಕುಡುಗೋಲು ಕೈಗೆ ಒಗ್ಗಬೇಕು ಅನ್ನುತ್ತೇವೆ. ಆ ಊರಿನ ನೀರು ಮೈಗೆ ಒಗ್ಗಲಿಲ್ಲ ಅನ್ನುತ್ತೇವೆ. ಇಂಗ್ಲಿಷಿನ ಕಡೆಯಿಂದ ನೋಡಿದರೂ ಇದು ದೂರದ್ದಲ್ಲ. ಕಸ್ಟಮ್ ಅಂದರೆ ಮೂಲದಲ್ಲಿ ರೂಢಿ, ಅಭ್ಯಾಸ. ಅದರ ಹಿಂದಿರುವ ಲ್ಯಾಟಿನ್ ಪದಕ್ಕೂ ರೂಢಿಯಾಗು, ಒಗ್ಗಿಹೋಗು ಎಂಬ ಅರ್ಥವೇ. ರೂಢಿಯಾಗಿ ಒಂದೇ ಅಂಗಡಿಗೆ ಬರುವವನು ಕಸ್ಟಮರ್, ನಮ್ಮ ವಾಡಿಕೆ ಗಿರಾಕಿಯ ಹಾಗೆ. ಹಳೇ ಮೈಸೂರಿನ ಕಡೆ ದಿನಾ ಹಾಲು ಹಾಕುವವರನ್ನು ವರ್ತನೆಯವರು ಅನ್ನುತ್ತಿದ್ದರಲ್ಲ, ಅದೂ ಇದೇ ಜಾಡಿನದು. ಗಿರಾಕಿ ಆಮೇಲೆ ಬಂದವನು, ರೂಢಿ ಮೊದಲಿನದು. ಹಾಗಾಗಿ ‘ಗ್ರಾಹಕೀಯ’ಕ್ಕಿಂತ ‘ಒಗ್ಗು’ ಬೇರಿಗೆ ಹತ್ತಿರ.

ಈಗ ನನ್ನ ಅನುಮಾನ. ‘ಒಗ್ಗಿಕೊಳ್ಳು’ ಅಂದರೆ ಮನುಷ್ಯ ಬದಲಾಗುವುದು: ಹೊಸ ಊರಿಗೆ ಒಗ್ಗಿಕೊಂಡೆ. ನಮಗೆ ಬೇಕಿರುವುದು ಇದರ ತಿರುಗುಮುರುಗು. ನಾನಲ್ಲ, ತಂತ್ರಾಂಶ ಬದಲಾಗಬೇಕು. ‘ಇಸು’ ಸೇರಿಸಿ ‘ಒಗ್ಗಿಸಿಕೊಳ್ಳು’ ಮಾಡಿದರೆ ಆಯ್ತು ಅಂದುಕೊಂಡೆ. ಆದರೆ ‘ಮೈಯನ್ನು ಚಳಿಗೆ ಒಗ್ಗಿಸಿಕೊಂಡ’ ಎನ್ನುವಲ್ಲಿ ಬದಲಾಗಿದ್ದು ಮತ್ತೆ ಮನುಷ್ಯನೇ ಅಲ್ವಾ? ಅಂದರೆ ಯಾರು ಯಾರಿಗೆ ಒಗ್ಗಬೇಕು ಎನ್ನುವುದನ್ನು ತೀರ್ಮಾನಿಸುವುದು ‘ಅನ್ನು’ ಮತ್ತು ‘ಗೆ’ ಪ್ರತ್ಯಯಗಳು. ‘ಗಿಂಪನ್ನು ಕೈಗೆ ಒಗ್ಗಿಸಿಕೊಳ್ಳಿ’ ಎಂದಾಗ ಒಂದರ್ಥ, ‘ಕೈಯನ್ನು ಗಿಂಪ್‌ಗೆ ಒಗ್ಗಿಸಿಕೊಳ್ಳಿ’ ಎಂದಾಗ ಪೂರ್ತಿ ಉಲ್ಟಾ. ಕೈಪಿಡಿಯ ವಾಕ್ಯದಲ್ಲಿ ಇದು ತೊಂದರೆ ಕೊಡುವುದಿಲ್ಲ. ಆದರೆ ಮೆನುವಿನಲ್ಲೋ ಬಟನ್ ಮೇಲೋ ಇರುವುದು ಒಂದೇ ಪದ, ಪ್ರತ್ಯಯ ಹಚ್ಚಲು ಪಕ್ಕದಲ್ಲಿ ಇನ್ನೊಂದು ಪದವೇ ಇಲ್ಲ. ಅಲ್ಲಿ ಬರೀ ‘ಒಗ್ಗಿಸಿ’ ಸಾಕೇ, ‘ಕೈಗೆ ಒಗ್ಗಿಸಿ’ ಎಂದು ಎರಡು ಪದ ಹಾಕಬೇಕೇ? ನನಗೆ ಎರಡನೆಯದು ಹಿಡಿಸಿದೆ. ಬಟನ್ ಸ್ವಲ್ಪ ಉದ್ದವಾದರೂ ಪರವಾಗಿಲ್ಲ, ಅರ್ಥ ಜಾರುವುದಿಲ್ಲ.

ಇದೇ ಜಾಗದಲ್ಲಿ ‘ಪ್ರಿಫರೆನ್ಸಸ್’ಗೆ ‘ಆದ್ಯತೆಗಳು’ ಎಂದು ಬಳಸುತ್ತಾರೆ. ಆದ್ಯತೆ ಅಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು. ಐಕಾನಿನ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ‘ನನ್ನ ಇಷ್ಟ’ ಅಂದರೆ ಸಾಕಲ್ಲ.

ಇನ್ನು ಸಿಗದೇ ಇರುವ ಪದ, ‘ಕ್ರಾಪ್’. ‘ಕತ್ತರಿಸು’ ಅನ್ನೋಣವೆಂದರೆ ‘ಕಟ್’ ಅದನ್ನು ಹಿಡಿದುಕೊಂಡಿದೆ, ಎರಡೂ ಬೇರೆ ಬೇರೆ ಕೆಲಸ. ಕಟ್ ಮಾಡಿದರೆ ಆರಿಸಿದ ಭಾಗ ಹೋಗುತ್ತದೆ, ಕ್ರಾಪ್ ಮಾಡಿದರೆ ಆರಿಸಿದ್ದು ಉಳಿದು ಸುತ್ತಲಿನದು ಹೋಗುತ್ತದೆ. ಕ್ರಾಪು ಕನ್ನಡದಲ್ಲಿ ಮೊದಲೇ ಇದೆ, ಆದರೆ ತಲೆಕೂದಲಿಗೆ. ನಮ್ಮ ಮಲೆನಾಡಿನಲ್ಲಿ ‘ಸವರು’ ಎಂಬ ಚೆಂದದ ಪದವಿದೆ. ಬೇಲಿ ಸವರುತ್ತೇವೆ, ಕೊಂಬೆ ಸವರುತ್ತೇವೆ. ಬೇಡದ್ದನ್ನು ಸುತ್ತಲಿನಿಂದ ತೆಗೆದು ಬೇಕಾದ್ದನ್ನು ಉಳಿಸುವುದು, ಕ್ರಾಪ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಎಣ್ಣೆಯನ್ನೂ ಸವರುತ್ತೇವೆ! ಗಿಂಪ್‌ನಲ್ಲಿ ಬಣ್ಣವನ್ನು ಬೆರಳಿನಿಂದ ಎಳೆದ ಹಾಗೆ ಹರಡುವ ‘ಸ್ಮಜ್’ ಎಂಬ ಸಾಧನ ಇದೆ. ‘ಸವರು’ ಕಂಡರೆ ಬಯಲುಸೀಮೆಯವರು ಅದನ್ನೇ ಅಂದುಕೊಳ್ಳುತ್ತಾರೆ ಅಂತ ನನಗೆ ಹೆದರಿಕೆ.

ಇಷ್ಟು ಸಣ್ಣದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ಗಿಂಪ್‌ನಲ್ಲಿ ಸ್ಲ್ಯಾಶ್ ಕೀ ಒತ್ತಿದರೆ ಒಂದು ಹುಡುಕುವ ಪಟ್ಟಿ ತೆರೆಯುತ್ತದೆ. ಯಾವ ಮೆನುವಿನಲ್ಲಿ ಏನಿದೆ ಎಂದು ಮರೆತವರಿಗೆ ಎಫ್1 ಒತ್ತಿ ಕೈಪಿಡಿ ಓದುವುದಕ್ಕಿಂತ ಬೇಗ ಸಿಗುವ ಸಹಾಯ ಇದೇ. ಬೇಕಾದ ಕೆಲಸದ ಹೆಸರು ಟೈಪ್ ಮಾಡಿದರೆ ಸಾಕು, ಎದುರಿಗೆ ಬರುತ್ತದೆ. ಮೆನುವನ್ನು ಕನ್ನಡಕ್ಕೆ ಬದಲಾಯಿಸಿಕೊಂಡಿದ್ದರೆ ಅದು ಹುಡುಕುವುದು ಕನ್ನಡದ ಹೆಸರುಗಳಲ್ಲಿ. ಪ್ರೆಸ್ಸಿನಲ್ಲಿ ಕೂತವರ ಮನಸ್ಸಿಗೆ ಬಾರದ ಪದವನ್ನು ನಾವು ಇಟ್ಟಿದ್ದರೆ ಅವರು ಎಷ್ಟು ಟೈಪ್ ಮಾಡಿದರೂ ಸಾಧನ ಸಿಗುವುದಿಲ್ಲ. ಅವರು ಯಾವ ಪದ ಟೈಪ್ ಮಾಡುತ್ತಾರೋ ಅದೇ ಅಲ್ಲಿರಬೇಕು.

ಹಾಗಾಗಿ ಬೇರೆ ಬೇರೆ ಕಡೆಯವರು ದಯವಿಟ್ಟು ತಿಳಿಸಿ. ಧಾರವಾಡದ ಕಡೆ ‘ರೂಢಿ ಆತು’ ಅನ್ನುವುದನ್ನು ಕೇಳಿದ್ದೇನೆ. ಒಂದು ಉಪಕರಣ ತಮ್ಮ ಕೈಗೆ ಹೊಂದುವ ಹಾಗೆ ಮಾಡಿಕೊಂಡಾಗಲೂ ಹಾಗೇ ಹೇಳುತ್ತೀರಾ? ಕರಾವಳಿಯಲ್ಲಿ, ಕೋಲಾರದ ಕಡೆ ಏನನ್ನುತ್ತೀರಿ? ಮರಗೆಲಸ, ಹೊಲಿಗೆ, ನೇಯ್ಗೆ ಮಾಡುವವರು ಮನೆಯಲ್ಲಿದ್ದರೆ ಅವರನ್ನೂ ಕೇಳಿ. ಬಟ್ಟೆಯಲ್ಲೋ ಹಲಗೆಯಲ್ಲೋ ಬೇಕಾದಷ್ಟು ಉಳಿಸಿ ಸುತ್ತ ತೆಗೆಯುವುದಕ್ಕೆ ಅವರಲ್ಲಿ ಒಂದು ಪದ ಇದ್ದೇ ಇರಬೇಕು.

ಕೈಪಿಡಿಯಲ್ಲಿ ಸದ್ಯಕ್ಕೆ ಪಾಠದ ತಲೆಬರಹ ‘ಗಿಂಪನ್ನು ನಿಮ್ಮ ಕೈಗೆ ಒಗ್ಗಿಸಿಕೊಳ್ಳಿ’ ಎಂದು ಬರೆದಿದ್ದೇನೆ. ಕ್ರಾಪ್‌ನ ಎದುರಿಗಿನ ಜಾಗ ಖಾಲಿ ಇದೆ.

ವಂದನೆಗಳು.