ಮಳೆಗೆ ಧರೆ ಕುಸಿದರೆ ನಷ್ಟ ಸಬ್ ಕಂಟ್ರಾಕ್ಟರ್‌ದೇನಾ?

ತೀರ್ಥಹಳ್ಳಿ ಹುಡುಗ:
ನಮ್ಮ ಕಡೆ ರಸ್ತೆ ಬದಿಯ ತಡೆಗೋಡೆ ಕೆಲಸ ಸಬ್ ಕಂಟ್ರಾಕ್ಟ್ ಸಿಗೋ ಹಾಗಿದೆ. ಅಗೆಯೋದು, ಕಾಂಕ್ರೀಟ್, ಹಿಂದೆ ಮಣ್ಣು ತುಂಬೋದು ನಮ್ಮದು. ಸಿಮೆಂಟ್, ಕಬ್ಬಿಣ ಮುಖ್ಯ ಗುತ್ತಿಗೆದಾರರೇ ಕೊಡುತ್ತಾರೆ. ಆದರೆ ಅಗ್ರಿಮೆಂಟ್ ಓದಿ ತಲೆ ಕೆಟ್ಟಿದೆ. ಧರೆ, ಅಂದರೆ ರಸ್ತೆ ಬದಿಯ ಕಡಿದಾದ ದಿಣ್ಣೆ, ಕುಸಿದರೆ ಮಣ್ಣು ತೆಗೆಯೋ ಖರ್ಚು ನಮ್ಮದಂತೆ, ತಡವಾದರೆ ದಂಡ ಪೂರ್ತಿ ನಮಗಂತೆ, ಇಲಾಖೆಯಿಂದ ಅವರಿಗೆ ಬಿಲ್ ಆದ ಮೇಲಷ್ಟೇ ನಮಗೆ ದುಡ್ಡಂತೆ. ಬೇಗ ಮುಗಿಸಿದರೆ? ಏನೂ ಇಲ್ಲ. ಅದೂ ಮೇ ತಿಂಗಳಲ್ಲಿ ಅಗೆಯೋಕೆ ಶುರು ಮಾಡಿ ಅನ್ನುತ್ತಿದ್ದಾರೆ. ಏನು ಕೇಳಲಿ?

ಸೈಟ್ ಇಂಜಿನಿಯರ್, ಶಿವಮೊಗ್ಗ:
ಯಾವುದು ಯಾರ ಕೈಯಲ್ಲಿದೆಯೋ ಅದರ ನಷ್ಟ ಅವರದು, ಅಷ್ಟೇ. ಗೋಡೆಯ ಹಿಂದೆ ಜಲ್ಲಿ ಹಾಕೋ ಬದಲು ಕೆಸರು ಮಣ್ಣು ತುಂಬಿ, ನೀರು ಹೋಗೋ ಪೈಪಿನ ಬಾಯಿ ಕಟ್ಟಿ, ಗೋಡೆ ಉಬ್ಬಿದರೆ ಅದು ನಿಮ್ಮ ತಲೆಗೆ. ಡ್ರಾಯಿಂಗ್‌ನಲ್ಲೇ ಪೈಪ್ ಇಲ್ಲದಿದ್ದರೆ ನಿಮ್ಮದಲ್ಲ. ಇನ್ನು ಮಳೆ. ಜೂನ್‌ನಲ್ಲಿ ಮಲೆನಾಡಲ್ಲಿ ಮಳೆ ಬರುತ್ತೆ ಅಂತ ಯಾರಿಗೆ ಗೊತ್ತಿಲ್ಲ ಮಾರಾಯ್ರೆ? ನೀರು ಹೊರಗೆ ಹಾಕೋ ಪಂಪ್, ಡೀಸೆಲ್ ನಿಮ್ಮ ರೇಟಿನಲ್ಲೇ ಸೇರಿಸಿ. ಆದರೆ ನೀವು ಕಡಿದ ಗೆರೆಯಿಂದ ಆಚೆಯ ಗುಡ್ಡ ಜಾರಿ ಬಂದರೆ ಆ ಮಣ್ಣಿಗೆ ಕ್ಯೂಬಿಕ್ ಮೀಟರ್ ಲೆಕ್ಕದಲ್ಲಿ ಬೇರೆ ದುಡ್ಡು ಅಂತ ಬರೆಸಿ. ಜೆಸಿಬಿ ಇಳಿಸೋ ಮೊದಲು ನೀವು, ಗುತ್ತಿಗೆದಾರ ಇಬ್ಬರೂ ನಿಂತು ಲೆವೆಲ್ (ನೆಲದ ಎತ್ತರದ ಅಳತೆ) ತೆಗೆದು ಸಹಿ ಹಾಕಿ. ಇಲ್ಲದಿದ್ದರೆ ಗೆರೆ ಎಲ್ಲಿತ್ತು ಅಂತ ಆಮೇಲೆ ಜಗಳ.

ಸಾಗರದ ಗುತ್ತಿಗೆದಾರ:
ನಮ್ಮ ಕಷ್ಟವನ್ನೂ ಕೇಳಿ. ಇಲಾಖೆಯವರು ನಮ್ಮ ಬಿಲ್ಲಿನಿಂದಲೂ ಠೇವಣಿ ಹಿಡಿಯುತ್ತಾರೆ, ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಆದರೂ ಕೂಲಿ ಭಾಗವನ್ನು ನಾನು ಸೈಟಿನಲ್ಲಿ ಅಳತೆಯಾದ ವಾರದಲ್ಲೇ ಕೊಡುತ್ತೇನೆ, ಉಳಿದದ್ದು ಬಿಲ್ ಆದ ಮೇಲೆ. ಜನರಿಗೆ ಬಟವಾಡೆ ಆಗದಿದ್ದರೆ ಸೋಮವಾರ ಸೈಟಿಗೆ ಯಾರು ಬರುತ್ತಾರೆ? ಸಿಮೆಂಟ್ ಲೆಕ್ಕಕ್ಕಿಂತ ಕಡಿಮೆ ಖರ್ಚಾದರೆ ಉಳಿತಾಯದಲ್ಲಿ ಅರ್ಧ ಮೇಸ್ತ್ರಿಗೆ. ಇದು ಶುರುವಾದ ಮೇಲೆ ಒಡೆದ ಚೀಲ ಮಳೆಯಲ್ಲಿ ಬಿದ್ದಿರೋದು ನಿಂತಿದೆ. ಹಾಗಂತ ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡೋ ಕ್ಯೂಬ್ ಟೆಸ್ಟ್ ಫೇಲ್ ಆದರೆ ಹಂಚಿಕೆ ಇಲ್ಲ, ಸಿಮೆಂಟ್ ಕದ್ದು ಉಳಿಸಿದ್ದಕ್ಕೆಲ್ಲ ಬಹುಮಾನ ಕೊಡೋಕಾಗುತ್ತಾ?

ಲೆಕ್ಕದ ಭಟ್ಟರು:
ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸೋ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆದರೆ ಇಂಥ ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುತ್ತಾ ಅನ್ನೋದಕ್ಕೆ ಕೋರ್ಟುಗಳಲ್ಲಿ ತಕರಾರಿದೆ. ಅದನ್ನೇ ನಂಬಿ ಕೂರಬೇಡಿ. ಅವರಿಗೆ ಬಿಲ್ ಆಗಲಿ ಬಿಡಲಿ, ಇಂತಿಷ್ಟು ದಿನದೊಳಗೆ ನಮಗೆ ಕೊಡಬೇಕು ಅಂತ ಕೊನೆಯ ಗಡುವು ಹಾಕಿಸಿ. ಇಲ್ಲದಿದ್ದರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ತೀರ್ಥಹಳ್ಳಿ ಹುಡುಗ:
ಥ್ಯಾಂಕ್ಸ್. ದಂಡದ ಬಗ್ಗೆ ಯಾರೂ ಹೇಳಲಿಲ್ಲ. ಅವರು ಕಬ್ಬಿಣ ತಡವಾಗಿ ಕಳಿಸಿದರೂ ನಾನೇ ಕಟ್ಟಬೇಕಾ?

ಸೈಟ್ ಇಂಜಿನಿಯರ್, ಶಿವಮೊಗ್ಗ:
ಯಾಕೆ ಕಟ್ಟುತ್ತೀರಿ? ಕಬ್ಬಿಣ ಬೇಕು ಅಂತ ವಾಟ್ಸಾಪ್‌ನಲ್ಲಿ ಕೇಳಿ, ಲೋಡ್ ಬಂದ ದಿನ ಚೀಟಿಯ ಫೋಟೋ ತೆಗೆದಿಡಿ. ಅವರಿಂದ ತಡವಾದಷ್ಟು ದಿನ ನಿಮ್ಮ ಅವಧಿಗೆ ಸೇರಬೇಕು ಅಂತ ಈಗಲೇ ಬರೆಸಿ. ಒಪ್ಪದಿದ್ದರೆ ಮಳೆಗಾಲ ಮುಗಿದು ನವೆಂಬರ್ ಬರೋವರೆಗೆ ಆ ಕೆಲಸ ಮುಟ್ಟಬೇಡಿ.