ಟೊಮೆಟೊ ಎಲೆ ಬುಡದಿಂದ ಒಣಗುತ್ತಿದೆ, ಈಗ ತುದಿಯಲ್ಲೂ ಕಲೆ. ಇದು ಅಂಗಮಾರಿನಾ?

ಪ್ರಶ್ನೆ ಕೇಳಿದವರು
ಕುಂಡಗಳಲ್ಲಿ ಆರು ಟೊಮೆಟೊ ಗಿಡ ಇಟ್ಟಿದ್ದೇನೆ. ಎರಡೂವರೆ ತಿಂಗಳಾಯಿತು, ಕಾಯಿ ನಿಂಬೆ ಗಾತ್ರಕ್ಕೆ ಬಂದಿವೆ. ಹದಿನೈದು ದಿನದ ಹಿಂದೆ ಬುಡದ ಎಲೆಗಳಲ್ಲಿ ಕಂದು ಚುಕ್ಕೆ ಕಂಡವು. ಗೊಬ್ಬರ ಸಾಲದೇನೋ ಅಂದುಕೊಂಡು ಒಂದು ಹಿಡಿ ಜಾಸ್ತಿ ಹಾಕಿದೆ. ಎಲೆ ಹಳದಿಯಾಗಿ ಉದುರುವುದು ನಿಲ್ಲಲಿಲ್ಲ. ದಿನಾ ಸಂಜೆ ಗಿಡವೆಲ್ಲ ತೊಯ್ಯುವ ಹಾಗೆ ಶವರ್ ಕ್ಯಾನ್‌ನಲ್ಲಿ ನೀರು ಕೊಡುತ್ತೇನೆ, ಹಾಗಾಗಿ ನೀರಿನ ಕೊರತೆಯಂತೂ ಅಲ್ಲ. ನಾಲ್ಕು ದಿನದಿಂದ ಮೋಡ, ಜಿಟಿಜಿಟಿ ಮಳೆ. ನಿನ್ನೆ ಮೂಲೆಯ ಗಿಡದ ತುದಿಯಲ್ಲೂ ಕಲೆ ಬಂದಿದೆ. ಬೇಕಿಂಗ್ ಸೋಡಾ ಹೊಡೆದರೆ ಸಾಕಾ, ಇಲ್ಲಾ ಎಲ್ಲಾ ಕಿತ್ತು ಹಾಕಬೇಕಾ?

ಉತ್ತರ 1
ಎರಡೂ ಬೇಡ, ಸ್ವಲ್ಪ ತಡೆಯಿರಿ. ಅಂಗಮಾರಿ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಅದು ಎರಡು ಬೇರೆ ಬೇರೆ ರೋಗ. ಒಂದರ ಜೊತೆ ಗಿಡ ತಿಂಗಳುಗಟ್ಟಲೆ ಬದುಕುತ್ತದೆ. ಇನ್ನೊಂದು ಬಂದರೆ ವಾರ ಹತ್ತು ದಿನದಲ್ಲಿ ಗಿಡವೇ ಇರುವುದಿಲ್ಲ.

ಮೊದಲನೆಯದು ಅರ್ಲಿ ಬ್ಲೈಟ್. ಆಲ್ಟರ್ನೇರಿಯಾ ಅನ್ನುವ ಶಿಲೀಂಧ್ರದ ಕೆಲಸ. ಹಳೇ ಎಲೆಯಿಂದ, ಅಂದರೆ ಬುಡದಿಂದ ಮೇಲಕ್ಕೆ ಹತ್ತುತ್ತದೆ. ಕಂದು ಕಲೆಯ ಒಳಗೆ ಉಂಗುರದೊಳಗೆ ಉಂಗುರ, ಮರ ಕೊಯ್ದಾಗ ಕಾಣುತ್ತದಲ್ಲ, ಹಾಗೆ. ಸುತ್ತ ಹಳದಿ ಅಂಚು.

ಎರಡನೆಯದು ಲೇಟ್ ಬ್ಲೈಟ್. ಫೈಟಾಫ್ತೊರಾ ಅದರ ಹೆಸರು. ಬೂಸ್ಟಿನ ಹಾಗೆ ಕಂಡರೂ ನಿಜವಾದ ಶಿಲೀಂಧ್ರ ಅಲ್ಲ, ಪಾಚಿಯ ಕಡೆಯ ನೆಂಟ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿದ್ದು ಇದೇ. ಇದಕ್ಕೆ ಬುಡ ತುದಿ ಅನ್ನುವ ಲೆಕ್ಕವಿಲ್ಲ. ಬಿಸಿ ನೀರು ಚೆಲ್ಲಿದ ಹಾಗೆ ಎಲೆಯ ಮೇಲೆ ಬೂದು ಹಸಿರಿನ ಜಿಡ್ಡು ಕಲೆ ಬರುತ್ತದೆ. ಉಂಗುರ ಇರುವುದಿಲ್ಲ. ತಂಪು, ಮೋಡ, ಒದ್ದೆ ಎಲೆ ಸೇರಿದರೆ ಅದಕ್ಕೆ ಹಬ್ಬ.

ನಾಳೆ ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಎಲೆ ಮಗುಚಿ ನೋಡಿ. ಕಲೆಯ ಅಂಚಿನಲ್ಲಿ ತೆಳ್ಳಗೆ ಬಿಳಿ ನವಿರು ಇದೆಯಾ? ಇದ್ದರೆ ಅದು ಲೇಟ್ ಬ್ಲೈಟ್.

ಪ್ರಶ್ನೆ ಕೇಳಿದವರು
ನೋಡಿದೆ. ಐದು ಗಿಡಗಳಲ್ಲಿ ನೀವು ಹೇಳಿದ ಉಂಗುರ ಸ್ಪಷ್ಟವಾಗಿದೆ. ಮೂಲೆಯದರಲ್ಲಿ ಉಂಗುರ ಇಲ್ಲ, ಬಿಳಿಯೂ ಕಾಣಲಿಲ್ಲ. ಕಲೆ ಮಾತ್ರ ನಿನ್ನೆ ಉಗುರಿನಷ್ಟಿತ್ತು, ಇವತ್ತು ಅರ್ಧ ಎಲೆ ಆಗಿದೆ.

ಉತ್ತರ 1
ಆ ವೇಗ ನನಗೆ ಹಿಡಿಸುತ್ತಿಲ್ಲ. ಕಲೆ ಇರುವ ಎಲೆ ಒಂದನ್ನು ಕಿತ್ತು, ಒದ್ದೆ ಮಾಡಿ ಹಿಂಡಿದ ಟಿಶ್ಯೂ ಪೇಪರ್ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಚೀಲ ಸ್ವಲ್ಪ ಉಬ್ಬಿರುವ ಹಾಗೆ ಬಾಯಿ ಕಟ್ಟಿ ಮನೆಯೊಳಗೆ ನೆರಳಿನಲ್ಲಿ ಇಡಿ. ಒಂದು ದಿನ ಬಿಟ್ಟು ನೋಡಿ.

ಪ್ರಶ್ನೆ ಕೇಳಿದವರು
ಬಂತು! ಎಲೆಯ ಕೆಳಗೆ ಸಕ್ಕರೆ ಪುಡಿ ಉದುರಿಸಿದ ಹಾಗಿದೆ. ಕಾಂಡದಲ್ಲೂ ಒಂದು ಕಡೆ ಕಪ್ಪಗಾಗಿದೆ. ಕಾಯಿ ಜಾಸ್ತಿ ಬಿಟ್ಟಿರುವುದೇ ಆ ಗಿಡ, ಗೊತ್ತಾ. ಎಲೆ ಮಾತ್ರ ಕತ್ತರಿಸಿದರೆ ಉಳಿಯುವುದಿಲ್ವಾ?

ಉತ್ತರ 1
ಇಲ್ಲ. ಕಾಂಡಕ್ಕೆ ಇಳಿದ ಮೇಲೆ ಮುಗಿಯಿತು. ಆ ಬಿಳಿ ಪುಡಿಯೇ ಅದರ ಬೀಜ, ಗಾಳಿಯಲ್ಲಿ ಹಾರುತ್ತದೆ. ಇವತ್ತೇ ತೆಗೆಯಿರಿ, ಆದರೆ ಗಿಡವನ್ನು ಉಳಿದವುಗಳ ನಡುವೆ ಎಳೆದುಕೊಂಡು ಹೋಗಬೇಡಿ. ಎಲೆ ಒಣಗಿರುವ ಹೊತ್ತಿನಲ್ಲಿ, ನಿಂತ ಗಿಡದ ಮೇಲೇ ದೊಡ್ಡ ಚೀಲ ಇಳಿಸಿ, ಬುಡದಲ್ಲಿ ಕತ್ತರಿಸಿ, ಅಲ್ಲೇ ಬಾಯಿ ಕಟ್ಟಿ. ಚೀಲ ಕೆಲವು ದಿನ ಬಿಸಿಲಲ್ಲಿ ಬೇಯಲಿ, ಆಮೇಲೆ ಕಸಕ್ಕೆ. ಕಾಂಪೋಸ್ಟ್‌ಗೆ ಬೇಡವೇ ಬೇಡ. ಕೈ ತೊಳೆದುಕೊಳ್ಳಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಚೆನ್ನಾಗಿರುವ ಕಾಯಿ ಕೊಯ್ದಿಟ್ಟುಕೊಳ್ಳಬಹುದು, ಬೇರೆ ಹಣ್ಣಿನ ಜೊತೆ ಇಡಬೇಡಿ. ಒಳಗೆ ಸೋಂಕಿದ್ದರೆ ಕೆಲವೇ ದಿನದಲ್ಲಿ ಗಟ್ಟಿಯಾದ ಕಂದು ಜಿಡ್ಡು ಕಲೆ ಏಳುತ್ತದೆ.

ಉತ್ತರ 2
ಉಳಿದ ಐದಕ್ಕೆ ನನ್ನದೊಂದು ಮಾತು. ಬೇಕಿಂಗ್ ಸೋಡಾ ಬಿಡಿ. ಬೂದಿ ರೋಗಕ್ಕೆ ಅಷ್ಟೋ ಇಷ್ಟೋ ಕೆಲಸ ಮಾಡುತ್ತದೆ, ಅಂಗಮಾರಿಗೆ ಸುಮ್ನೆ ಸಮಾಧಾನ. ಜಾಸ್ತಿಯಾದರೆ ಎಲೆ ಸುಡುತ್ತದೆ, ಕುಂಡದ ಮಣ್ಣಲ್ಲಿ ಉಪ್ಪಿನಂಶ ಕೂರುತ್ತದೆ.

ತಾಮ್ರದ ಔಷಧಿ ಹೊಡೆಯಿರಿ. ಕಾಪರ್ ಆಕ್ಸಿಕ್ಲೋರೈಡ್ 50 ಡಬ್ಲ್ಯುಪಿ (ನೀರಲ್ಲಿ ಕಲಸುವ ಪುಡಿ) ಆದರೆ ಸಾಮಾನ್ಯವಾಗಿ ಲೀಟರಿಗೆ 3 ಗ್ರಾಂ. ಪ್ಯಾಕೆಟ್ ಮೇಲೆ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನೂ ಅಲ್ಲೇ ಓದಿ. ಎಲೆಯ ಕೆಳಮೈ ತೋಯಬೇಕು. ಜೋರು ಮಳೆಗೆ ತೊಳೆದು ಹೋಗುತ್ತದೆ, ಮತ್ತೆ ಹೊಡೆಯಬೇಕು. ತಾಮ್ರ ಬಂದ ಕಲೆಯನ್ನು ಅಳಿಸುವುದಿಲ್ಲ, ಚೆನ್ನಾಗಿರುವ ಎಲೆಯನ್ನು ಕಾಯುತ್ತದೆ ಅಷ್ಟೆ.

ನಾನಂತೂ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನೇ ಮಾಡಿಕೊಳ್ಳುತ್ತೇನೆ. ಶೇ. 1ರ ದ್ರಾವಣಕ್ಕೆ ಲೀಟರಿಗೆ ತಲಾ 10 ಗ್ರಾಂ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಕೆಟ್ ಸಾಕು. ಕಲಸಿದ ಮೇಲೆ ಒಂದು ಹೊಸ ಮೊಳೆ ಅದ್ದಿ ನೋಡುತ್ತೇನೆ. ಮೊಳೆ ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಹಾಗೇ ಹೊಡೆದರೆ ಎಲೆ ಸುಟ್ಟು ಹೋಗುತ್ತದೆ.

ಉತ್ತರ 1
ಐದು ಗಿಡಕ್ಕೆ ಬೋರ್ಡೋ ಕಲಸುವಷ್ಟು ತಾಳ್ಮೆ ನನಗಿಲ್ಲ, ಪ್ಯಾಕೆಟ್ಟೇ ಸಾಕು. ಆದರೆ ಔಷಧಿಗಿಂತ ಮೊದಲು ಆ ಸಂಜೆಯ ಶವರ್ ನಿಲ್ಲಿಸಿ. ರಾತ್ರಿಯೆಲ್ಲ ಎಲೆ ಒದ್ದೆ ಇಟ್ಟು ರೋಗವನ್ನು ನೀವೇ ಸಾಕುತ್ತಿದ್ದೀರಿ. ಬೆಳಿಗ್ಗೆ, ಬುಡಕ್ಕೆ ಮಾತ್ರ. ಮಣ್ಣಿನ ಮೇಲೆ ಒಣ ಹುಲ್ಲೋ ತರಗೆಲೆಯೋ ಹೊದಿಸಿ, ಕೆಸರು ಎಲೆಗೆ ಸಿಡಿಯಬಾರದು. ಬುಡದಿಂದ ಒಂದಡಿಯವರೆಗಿನ ಎಲೆ ತೆಗೆಯಿರಿ. ಕುಂಡಗಳನ್ನು ದೂರ ದೂರ ಸರಿಸಿ, ಗಾಳಿ ಆಡಲಿ. ಗೊಬ್ಬರವನ್ನೂ ಮತ್ತೆ ಸುರಿಯಬೇಡಿ.

ಪ್ರಶ್ನೆ ಕೇಳಿದವರು
ಮೂರು ವಾರದ ಸುದ್ದಿ. ಇನ್ನೊಂದು ಗಿಡದ ಕಾಂಡವೂ ಕಪ್ಪಾಯಿತು, ಕಿತ್ತೆ. ತಪ್ಪು ನನ್ನದೇ ಇರಬೇಕು, ಮೊದಲ ದಿನ ಎಲ್ಲಾ ಗಿಡಕ್ಕೂ ಒಂದೇ ಕತ್ತರಿ ಆಡಿಸಿದ್ದೆ. ಉಳಿದ ನಾಲ್ಕರಲ್ಲಿ ಹೊಸ ಎಲೆ ಶುಭ್ರವಾಗಿದೆ. ಮೊದಲ ಹಣ್ಣು ಕೆಂಪಾಗುತ್ತಿದೆ. ಖಾಲಿ ಕುಂಡದ ಮಣ್ಣಲ್ಲಿ ಮತ್ತೆ ಟೊಮೆಟೊ ಹಾಕಬಹುದಾ?

ಉತ್ತರ 2
ಎರಡು ಮೂರು ವರ್ಷ ಬೇಡ. ಆಲೂಗಡ್ಡೆ, ಬದನೆ, ಮೆಣಸಿನಕಾಯಿಯೂ ಬೇಡ, ಎಲ್ಲಾ ಒಂದೇ ಕುಟುಂಬ. ಅರ್ಲಿ ಬ್ಲೈಟ್ ಉದುರಿದ ಎಲೆಯಲ್ಲೇ ಕಾದು ಕೂತಿರುತ್ತದೆ. ಹುರುಳಿಕಾಯಿಯೋ ಸೊಪ್ಪೋ ಹಾಕಿ. ಲೇಟ್ ಬ್ಲೈಟ್‌ಗೆ ಸಾಮಾನ್ಯವಾಗಿ ಜೀವ ಇರುವ ಗಿಡ ಬೇಕು, ಹೆಚ್ಚಾಗಿ ಮರೆತುಬಿಟ್ಟ ಆಲೂಗಡ್ಡೆಯಲ್ಲಿ ಉಳಿದುಕೊಳ್ಳುತ್ತದೆ. ಹತ್ತಿರದಲ್ಲಿ ಎಲ್ಲಾದರೂ ಇದೆಯಾ?

ಪ್ರಶ್ನೆ ಕೇಳಿದವರು
ಅಯ್ಯೋ. ಅಡುಗೆಮನೆಯಲ್ಲಿ ಮೊಳಕೆ ಬಂದ ಎರಡು ಗಡ್ಡೆಯನ್ನು ಹಳೇ ಬಕೆಟ್‌ನಲ್ಲಿ ಹೂತಿದ್ದೆ, ಮೂಲೆಯ ಗಿಡದ ಹಿಂದೆಯೇ. ಈಗ ಹೋಗಿ ಎಲೆ ಮಗುಚಿದೆ. ಬಿಳಿ ಇದೆ. ಗಡ್ಡೆ ಸಮೇತ ಚೀಲಕ್ಕೆ ಹಾಕಿ ಕಟ್ಟಿದೆ.